ಹಾಸನದ ಆಫೀಸು, ಸಕಲೇಶಪುರದ ತೋಟ, ಚಿಕ್ಕಮಗಳೂರಿನ ಮನೆ: ಮೂರು ಕಡೆ ಒಂದೇ ಫೋಲ್ಡರ್ ಇಡಲು ಸಿಂಕ್‌ಥಿಂಗ್, ಆರ್‌ಸಿಂಕ್, ರೆಸಿಲಿಯೊ, ಶೇರ್‌ಸಿಂಕ್

ಬೇರೆ ಬೇರೆ ಕಂಪನಿಯ ನ್ಯಾಸ್‌ಗಳಿದ್ದು (ನೆಟ್‌ವರ್ಕಿಗೆ ಸಿಕ್ಕಿಸಿಡುವ ಡಿಸ್ಕಿನ ಡಬ್ಬ), ಯಾವ ಕಡೆಯೂ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪಬಹುದಾದ ಇಂಟರ್ನೆಟ್ ವಿಳಾಸ, ಸಿಗದಿದ್ದರೆ ಸಿಂಕ್‌ಥಿಂಗ್ ಹಾಕಿಕೊಳ್ಳಿ. ಫೋಲ್ಡರನ್ನು ಎಲ್ಲ ಕಡೆ ಒಂದೇ ಆಗಿಡುವ ಮೇಲಿನ ನಾಲ್ಕು ತಂತ್ರಾಂಶಗಳನ್ನೂ ನನ್ನ ಜೋಡಣೆಗೆ ಹೋಲಿಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು. ಹಾಸನದ ಬಿ.ಎಂ. ರಸ್ತೆಯ ಆಫೀಸಿನಲ್ಲಿ ಎರಡು ಡಿಸ್ಕಿನ ಸಿನಾಲಜಿ ನ್ಯಾಸ್, ಸಕಲೇಶಪುರದ ಕಡೆ ತೋಟದ ಆಫೀಸಿನಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಮತ್ತು ಒಂದು ಯುಎಸ್‌ಬಿ ಡಿಸ್ಕ್, ಚಿಕ್ಕಮಗಳೂರಿನ ಮನೆಯಲ್ಲಿ ಕ್ಯೂನ್ಯಾಪ್ ನ್ಯಾಸ್. ಓಡಾಡುವ ಸರಕೆಂದರೆ ತೋಟದ ರೈಟರು ಬರೆಯುವ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಮಳೆ ಲೆಕ್ಕ, ಕಾಫಿ ಕ್ಯೂರಿಂಗ್ ವರ್ಕ್ಸ್‌ನಿಂದ ಬರುವ ಔಟ್‌ಟರ್ನ್ ಶೀಟು (ಸಂಸ್ಕರಿಸಿದ ಮೇಲೆ ಸಿಕ್ಕ ಬೀಜದ ಲೆಕ್ಕ), ಪಹಣಿ-ಖಾತೆಗಳ ಸ್ಕ್ಯಾನ್, ಒಂದಷ್ಟು ಫೋಟೊ. ಎಲ್ಲ ಸೇರಿ 500 ಜಿಬಿ ಆಸುಪಾಸು. ಪ್ರೊಸೆಸರ್, ರ್‍ಯಾಮ್ ಲೆಕ್ಕ ಕಂಪನಿಯ ಪುಟದಲ್ಲೇ ಸಿಗುತ್ತದೆ, ಇಲ್ಲಿ ಬೇಡ.

ಸಿಂಕ್‌ಥಿಂಗ್ ಇಷ್ಟವಾಗಲು ಮುಖ್ಯ ಕಾರಣ ವೇಗವಲ್ಲ. ಅನುಮಾನ ಬಂದರೆ ಅದು ಸುಮ್ಮನೆ ನಿಂತುಬಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಲೈನಿನ ಮೇಲೆ ಕೊಂಬೆ ಬಿದ್ದು ಕರೆಂಟು ಹೋಗಿ ಬಂದು ಮಾಡುವಾಗ ಪೈ ಎದ್ದಿರುತ್ತದೆ, ಯುಎಸ್‌ಬಿ ಡಿಸ್ಕ್ ಮೌಂಟ್ ಆಗಿರುವುದಿಲ್ಲ, ಅಂದರೆ ಪೈಗೆ ಕೂಡಿಕೊಂಡಿರುವುದಿಲ್ಲ. ಆಗ ಡಿಸ್ಕ್ ಇರಬೇಕಾದ ಜಾಗದಲ್ಲಿ ಖಾಲಿ ಫೋಲ್ಡರ್ ಒಂದೇ ಕಾಣುತ್ತದೆ. ಸಿಂಕ್‌ಥಿಂಗ್ ತಾನು ನೋಡಿಕೊಳ್ಳುವ ಪ್ರತಿ ಫೋಲ್ಡರಿನೊಳಗೂ ‘.ಎಸ್‌ಟಿಫೋಲ್ಡರ್’ ಎಂಬ ಗುರುತನ್ನು ಇಟ್ಟಿರುತ್ತದೆ. ಅದು ಕಾಣದಿದ್ದರೆ ‘ಫೋಲ್ಡರ್ ಮಾರ್ಕರ್ ಮಿಸ್ಸಿಂಗ್’ ಎಂದು ಕೆಂಪಗೆ ತೋರಿಸಿ ಕೆಲಸ ನಿಲ್ಲಿಸುತ್ತದೆ. ಹಾಸನದ ಫೈಲುಗಳನ್ನು ಮುಟ್ಟುವುದಿಲ್ಲ. ಅದೇ ಖಾಲಿ ಫೋಲ್ಡರನ್ನು ಮೂಲವೆಂದುಕೊಂಡು ಡಿಲೀಟ್ ಆಯ್ಕೆ ಹಾಕಿದ ಆರ್‌ಸಿಂಕ್ ಓಡಿದರೆ ಆಚೆ ಕಡೆಯೂ ಗುಡಿಸಿ ಹಾಕುತ್ತದೆ.

ಕೆಂಪು ಅಕ್ಷರ ಕಂಡ ಕೂಡಲೇ ಆ ಗುರುತಿನ ಫೋಲ್ಡರನ್ನು ಕೈಯಾರೆ ಸೃಷ್ಟಿಸಿ ದೋಷ ‘ಸರಿಪಡಿಸುವ’ ಸಲಹೆ ಅಲ್ಲಲ್ಲಿ ಸಿಗುತ್ತದೆ. ಖಾಲಿ ಜಾಗದಲ್ಲಿ ಹಾಗೆ ಮಾಡಿದರೆ ಎಲ್ಲ ಫೈಲನ್ನೂ ನೀವೇ ಅಳಿಸಿದ್ದೀರಿ ಎಂದು ಅದು ತಿಳಿಯುತ್ತದೆ. ಮೊದಲು ಡಿಸ್ಕ್ ಮೌಂಟ್ ಆಗಿದೆಯೇ ನೋಡಿ.

ಲೈನ್ ವಿಚಾರ

ರೌಟರ್ ಪುಟದಲ್ಲಿ ವ್ಯಾನ್ ಐಪಿ (ರೌಟರಿನ ಹೊರಬದಿಯ ವಿಳಾಸ) 10ರಿಂದ ಶುರುವಾಗಿದ್ದರೆ, ಇಲ್ಲವೇ 100.64ರಿಂದ 100.127ರ ನಡುವೆ ಇದ್ದರೆ ನೀವು ಸಿಜಿನ್ಯಾಟ್‌ನ ಹಿಂದೆ ಇದ್ದೀರಿ, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಅನೇಕ ಗ್ರಾಹಕರಿಗೆ ಹಂಚಿದೆ. ಐಪಿವಿ4ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನ ಸಂಪರ್ಕವನ್ನು ರೌಟರಿನಿಂದ ಒಳಗಿನ ಡಬ್ಬಕ್ಕೆ ತಿರುಗಿಸುವುದು) ಮಾಡಿ ಪ್ರಯೋಜನವಿಲ್ಲ. ಆರ್‌ಸಿಂಕ್ ಅಲ್ಲಿಗೇ ನಿಲ್ಲುತ್ತದೆ. ಸಿಂಕ್‌ಥಿಂಗ್ ಎರಡೂ ಕಡೆಯಿಂದ ನೇರ ದಾರಿ ಹುಡುಕಿ, ಸಿಗದಿದ್ದರೆ ನಡುವೆ ನಿಂತು ದಾಟಿಸುವ ರಿಲೇ ಸರ್ವರ್ ಮೂಲಕ ಹೋಗುತ್ತದೆ. ಫೈಲು ತಲುಪುತ್ತದೆ, ಆದರೆ ತೆವಳಿಕೊಂಡು.

ಇದಕ್ಕೆ ಮದ್ದು ಟೇಲ್‌ಸ್ಕೇಲ್, ದೂರದ ಡಬ್ಬಗಳನ್ನು ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸುವ ತಂತ್ರಾಂಶ. ಮೂರೂ ಕಡೆ ಹಾಕಿ, ಸಿಂಕ್‌ಥಿಂಗ್‌ನಲ್ಲಿ ಆಚೆ ಡಿವೈಸಿನ ಅಡ್ವಾನ್ಸ್‌ಡ್ ಪುಟಕ್ಕೆ ಹೋಗಿ, ವಿಳಾಸದ ಜಾಗದಲ್ಲಿ ‘ಡೈನಾಮಿಕ್’ ತೆಗೆದು ಟಿಸಿಪಿ, ಟೇಲ್‌ಸ್ಕೇಲ್ ಕೊಟ್ಟ ಐಪಿ, 22000 ಪೋರ್ಟ್ ಬರೆಯಿರಿ. ಆಮೇಲೆ ರಿಲೇ ಆಫ್ ಮಾಡಿ. ಡಿಎಸ್‌ಎಂ 7 (ಸಿನಾಲಜಿಯ ಆಪರೇಟಿಂಗ್ ಸಿಸ್ಟಮ್) ಇರುವ ಸಿನಾಲಜಿಯಲ್ಲಿ ಒಂದು ಹೆಜ್ಜೆ ಹೆಚ್ಚು ಬೇಕು: ಅಲ್ಲಿ ಟೇಲ್‌ಸ್ಕೇಲ್‌ಗೆ ಒಳಬರುವ ಸಂಪರ್ಕ ತಾನಾಗಿ ಆಗುತ್ತದೆ, ನ್ಯಾಸ್‌ನಿಂದ ಹೊರಹೋಗುವುದು ಆಗುವುದಿಲ್ಲ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಬೂಟ್ ಆದಾಗ ರೂಟ್ ಹೆಸರಿನಲ್ಲಿ ಟೇಲ್‌ಸ್ಕೇಲ್‌ನ ‘ಕಾನ್ಫಿಗರ್-ಹೋಸ್ಟ್’ ಆಜ್ಞೆ ಓಡಿ, ಪ್ಯಾಕೇಜು ರೀಸ್ಟಾರ್ಟ್ ಆಗುವ ಹಾಗೆ ಇಡಿ. ಇದನ್ನು ಬಿಟ್ಟರೆ ಪೈ ಕಡೆಯಿಂದ ಪಿಂಗ್ ಹೋಗುತ್ತದೆ, ಹಾಸನದ ಕಡೆಯಿಂದ ಹೋಗುವುದಿಲ್ಲ. ತಪ್ಪು ಸಿಂಕ್‌ಥಿಂಗ್‌ನದೇ ಎಂದು ಬೈದುಕೊಂಡು ಕೂರುತ್ತೀರಿ.

ಮೊದಲ ಸಲದ 500 ಜಿಬಿಯನ್ನು ಲೈನಿನಲ್ಲಿ ಕಳಿಸಬೇಡಿ. ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ಬಿಡುವಿಲ್ಲದೆ ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಪೈ ಮತ್ತು ಡಿಸ್ಕನ್ನು ಹಾಸನಕ್ಕೆ ತಂದು ಅದೇ ಸ್ವಿಚ್ಚಿಗೆ ಸಿಕ್ಕಿಸಿ, ಪೈ ಕಡೆಯ ಫೋಲ್ಡರನ್ನು ‘ರಿಸೀವ್ ಓನ್ಲಿ’ ಮಾಡಿ ಮುಗಿಸಿ. ತೋಟಕ್ಕೆ ಒಯ್ದ ಮೇಲೆ ‘ಸೆಂಡ್ ಅಂಡ್ ರಿಸೀವ್’ ಮಾಡಿಕೊಳ್ಳಿ.

ತಲೆ ತಿಂದದ್ದು: ಕನ್ನಡದ ಫೈಲ್ ಹೆಸರು

ಸಿನಾಲಜಿಯಲ್ಲಿ ಶೇರ್ಡ್ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡಿದ್ದರೆ (ಕೀ ಇಲ್ಲದೆ ಓದಲಾಗದಂತೆ ಗೂಢವಾಗಿಸಿದ್ದರೆ) ಅದರೊಳಗಿನ ಫೈಲ್ ಹೆಸರು 143 ಬೈಟ್ ಮೀರುವಂತಿಲ್ಲ. ಸಾಮಾನ್ಯ ಲಿನಕ್ಸ್ ಡಿಸ್ಕಿನಲ್ಲಿ ಈ ಮಿತಿ 255. ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ 143 ಎಂದರೆ ಧಾರಾಳ. ಕನ್ನಡದಲ್ಲಿ ಒಂದೊಂದು ಯೂನಿಕೋಡ್ ಸಂಕೇತಕ್ಕೂ ಮೂರು ಬೈಟ್ ಹೋಗುತ್ತದೆ, ಒತ್ತು-ಗುಣಿತಗಳೆಲ್ಲ ಬೇರೆ ಬೇರೆ ಸಂಕೇತ. ‘ಸ್ವೀಕೃತಿ’ ಪರದೆಯ ಮೇಲೆ ಮೂರೇ ಅಕ್ಷರ. ಡಿಸ್ಕಿನಲ್ಲಿ ಸ, ಹಲಂತ, ವ, ದೀರ್ಘ ಈಕಾರ, ಕ, ಋಕಾರ, ತ, ಇಕಾರ ಹೀಗೆ ಎಂಟು ಸಂಕೇತ, 24 ಬೈಟ್.

ಈಗ ಕಡತಕ್ಕೆ ಸಹಜವಾಗಿ ಇಡುವ ಹೆಸರೊಂದನ್ನು ನೋಡಿ: ‘ಸಕಲೇಶಪುರ ತೋಟದ ಜಂಟಿ ಖಾತೆ ಪಹಣಿ ತಿದ್ದುಪಡಿ ಅರ್ಜಿ ಸ್ವೀಕೃತಿ ಪತ್ರ’. ಐವತ್ತು ಸಂಕೇತಕ್ಕೆ 150 ಬೈಟ್, ನಡುವಿನ ಎಂಟು ಖಾಲಿ ಜಾಗ, ಕೊನೆಯ ಚುಕ್ಕೆ-ಪಿಡಿಎಫ್‌ಗೆ ನಾಲ್ಕು, ಒಟ್ಟು 162. ಪೈನಲ್ಲಿ ಆರಾಮಾಗಿ ಉಳಿಯುತ್ತದೆ, ಕ್ಯೂನ್ಯಾಪ್‌ನಲ್ಲೂ ಉಳಿಯುತ್ತದೆ, ಹಾಸನದ ಎನ್‌ಕ್ರಿಪ್ಟೆಡ್ ಫೋಲ್ಡರಿಗೆ ಮಾತ್ರ ಇಳಿಯುವುದಿಲ್ಲ. ಸಿಂಕ್‌ಥಿಂಗ್ ಉಳಿದದ್ದನ್ನೆಲ್ಲ ಮುಗಿಸಿ ಇದೊಂದನ್ನು ‘ಫೇಲ್ಡ್ ಐಟಮ್ಸ್’ ಪಟ್ಟಿಯಲ್ಲಿ ಹೆಸರು ಸಮೇತ ತೋರಿಸುತ್ತದೆ. ಆರ್‌ಸಿಂಕ್ ‘ಫೈಲ್ ನೇಮ್ ಟೂ ಲಾಂಗ್ (36)’ ಎಂದು ಒಂದು ಸಾಲು ಬರೆದು 23 ಎಂಬ ದೋಷ ಸಂಖ್ಯೆಯೊಂದಿಗೆ ಮುಗಿಯುತ್ತದೆ. ರಾತ್ರಿ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕೆಲಸ ಶುರು ಮಾಡುವ ವ್ಯವಸ್ಥೆ) ತಾನಾಗಿ ಓಡುವ ಕೆಲಸದ ಆ ಸಾಲನ್ನು ಓದುವವರು ಯಾರು?

143ರೊಳಗೆ ಇದ್ದರೆ ಬಚಾವ್ ಎಂದುಕೊಳ್ಳಬೇಡಿ. ತೋಟದಲ್ಲೂ ಆಫೀಸಿನಲ್ಲೂ ಒಂದೇ ಶೀಟು ತಿದ್ದಿದರೆ ಸಿಂಕ್‌ಥಿಂಗ್ ಹಳೆಯ ಸಮಯದ ಪ್ರತಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’, ದಿನಾಂಕ, ಗಂಟೆ, ಡಿವೈಸ್ ಗುರುತು ಅಂಟಿಸಿ ಪಕ್ಕಕ್ಕಿಡುತ್ತದೆ. ಈ ಬಾಲದ ಉದ್ದ 38 ಬೈಟ್. ಅಂದರೆ 105 ಬೈಟ್ ದಾಟಿದ ಹೆಸರಿಗೆ ಎನ್‌ಕ್ರಿಪ್ಟೆಡ್ ಫೋಲ್ಡರಿನಲ್ಲಿ ಬಾಲ ಅಂಟುವುದಿಲ್ಲ, ಆ ಫೈಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ತಿಂಗಳುಗಟ್ಟಲೆ ಸರಿಯಾಗಿ ಓಡಾಡಿದ ಫೈಲು ಒಂದು ದಿನ ಇದ್ದಕ್ಕಿದ್ದಂತೆ ಮುಷ್ಕರ ಹೂಡುವುದು ಹೀಗೆ. ಹಳೆಯ ಪ್ರತಿಗಳನ್ನು ಉಳಿಸುವ ‘ಸಿಂಪಲ್’, ‘ಸ್ಟ್ಯಾಗರ್ಡ್’ ವರ್ಷನಿಂಗ್ ಕೂಡ ಹಳೆಯ ಪ್ರತಿಯ ಹೆಸರಿಗೆ 16 ಬೈಟ್‌ನ ದಿನಾಂಕ ಸೇರಿಸುತ್ತವೆ. ‘ಟ್ರ್ಯಾಶ್ ಕ್ಯಾನ್’ ಮಾತ್ರ ಹೆಸರು ಬದಲಿಸುವುದಿಲ್ಲ, ಆದ್ದರಿಂದ ಎನ್‌ಕ್ರಿಪ್ಟ್ ಆದ ಕಡೆ ಅದೇ ವಾಸಿ.

ಇದರ ಜತೆಗೆ ಮ್ಯಾಕ್ ಸೇರಿದರೆ ಇನ್ನೊಂದು ಗಂಟು. ‘ತೋಟದ’ ಎಂಬುದರಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರ, ದೀರ್ಘ ಹೀಗೆ ಮೂರಾಗಿ ಬಿಡಿಸಿಯೂ ಬರೆಯಬಹುದು. ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಬಿಡಿಸಿ ಇಡುತ್ತವೆ. ಅದೇ ಪದ ಒಂದು ಕಡೆ 12 ಬೈಟ್, ಇನ್ನೊಂದು ಕಡೆ 18. ಕಣ್ಣಿಗೆ ಎರಡೂ ಒಂದೇ. ಆರ್‌ಸಿಂಕ್‌ಗೆ ಎರಡೂ ಬೇರೆ ಫೈಲು, ಹಾಗಾಗಿ ಒಂದೇ ಹೆಸರಿನ ಎರಡು ಫೋಲ್ಡರ್ ಅಕ್ಕಪಕ್ಕ ಕೂರುತ್ತವೆ. ಆರ್‌ಸಿಂಕ್‌ನ ಐಕಾನ್ವ್ (ಅಕ್ಷರ ರೂಪ ಬದಲಿಸುವ) ಆಯ್ಕೆಯಲ್ಲಿ ‘ಯುಟಿಎಫ್-8-ಮ್ಯಾಕ್’ ಕೊಟ್ಟರೆ ಸರಿಹೋಗುತ್ತದೆ. ಸಿಂಕ್‌ಥಿಂಗ್‌ನಲ್ಲಿ ಹೆಸರನ್ನು ತಾನೇ ಒಂದು ರೂಪಕ್ಕೆ ತರುವ ಆಯ್ಕೆ ಮೊದಲಿನಿಂದಲೇ ಆನ್ ಇರುತ್ತದೆ. ಮದುವೆ ಫೋಟೊ ಸ್ಟುಡಿಯೊದವರು ಹಳೆಯ ಮ್ಯಾಕ್ ಡಿಸ್ಕಿನಿಂದ ನ್ಯಾಸ್‌ಗೆ ತುಂಬುವಾಗ ಇದನ್ನು ನೆನಪಿಡಬೇಕು.

ಪರಿಹಾರ ಎರಡು. ಹೆಸರನ್ನು ಮೂವತ್ತು ಸಂಕೇತದೊಳಗೆ ಮುಗಿಸಿ, ವರ್ಷ ಮತ್ತು ತೋಟದ ಹೆಸರನ್ನು ಮೇಲಿನ ಫೋಲ್ಡರಿಗೆ ಕೊಡಿ. ಮಿತಿ ಇರುವುದು ಒಂದೊಂದು ಹೆಸರಿಗೆ, ಇಡೀ ದಾರಿಗಲ್ಲ. ಇಲ್ಲವೇ ಡಿಎಸ್‌ಎಂ 7.2ರಿಂದ ಬಂದಿರುವ ವಾಲ್ಯೂಮ್ ಎನ್‌ಕ್ರಿಪ್ಷನ್‌ಗೆ ಹೋಗಿ, ಅಲ್ಲಿ ಈ 143ರ ಕಾಟವಿಲ್ಲ. ಆದರೆ ವಾಲ್ಯೂಮ್ ಸೃಷ್ಟಿಸುವಾಗಲೇ ಅದನ್ನು ಆರಿಸಬೇಕು. ಒಂದೇ ವಾಲ್ಯೂಮ್ ಇರುವ ಎರಡು ಡಿಸ್ಕಿನ ಡಬ್ಬದಲ್ಲಿ ಎಲ್ಲವನ್ನೂ ಹೊರಗೆ ನಕಲು ಮಾಡಿ, ಅಳಿಸಿ, ಮತ್ತೆ ತುಂಬಬೇಕಾಗುತ್ತದೆ. ನಾನು ಹೆಸರು ಗಿಡ್ಡ ಮಾಡುವುದನ್ನೇ ಆರಿಸಿಕೊಂಡೆ. ಉದ್ದ ಹೆಸರು ಹುಡುಕಲು ಪೈನ ಟರ್ಮಿನಲ್‌ನಲ್ಲಿ ಭಾಷೆ ಹೊಂದಿಸುವ ಎಲ್‌ಸಿ-ಆಲ್ ಅನ್ನು ‘ಸಿ’ ಎಂದಿಟ್ಟು ಫೈಂಡ್ ಆಜ್ಞೆ ಓಡಿಸಿ. ಆಗ ಅದು ಎಣಿಸುವುದು ಬೈಟ್, ಸಂಕೇತವಲ್ಲ.

ಸಿಂಕ್‌ಥಿಂಗ್‌ನ ಸಣ್ಣಪುಟ್ಟ

ಸಿನಾಲಜಿಯಲ್ಲಿ ಸಿನೋಕಮ್ಯುನಿಟಿ ಎಂಬ ಬಳಕೆದಾರರ ಬಳಗ ಕೊಡುವ ಸಿಂಕ್‌ಥಿಂಗ್ ಪ್ಯಾಕೇಜು ಹಾಕಿದರೆ ಶೇರ್ಡ್ ಫೋಲ್ಡರಿನ ಪರ್ಮಿಷನ್‌ನಲ್ಲಿ ‘ಸಿಸ್ಟಮ್ ಇಂಟರ್ನಲ್ ಯೂಸರ್’ ಪಟ್ಟಿ ತೆರೆದು ‘ಎಸ್‌ಸಿ-ಸಿಂಕ್‌ಥಿಂಗ್’ಗೆ ಓದು-ಬರಹದ ಹಕ್ಕು ಕೊಡಬೇಕು. ಬೇರೆ ಬೇರೆ ಕಂಪನಿಯ ಡಬ್ಬಗಳಾದ್ದರಿಂದ ‘ಇಗ್ನೋರ್ ಪರ್ಮಿಷನ್ಸ್’ ಆನ್ ಇರಲಿ.

ಕಡೆಗಣಿಸುವ ಪಟ್ಟಿ ಒಂದು ಡಬ್ಬದಿಂದ ಇನ್ನೊಂದಕ್ಕೆ ಸಿಂಕ್ ಆಗುವುದಿಲ್ಲ, ಪ್ರತಿ ಕಡೆಯೂ ಬರೆಯಬೇಕು. ಸಿನಾಲಜಿಯ ‘@ಇಎಡಿರ್’ ಮತ್ತು ‘#ರೀಸೈಕಲ್’, ಕ್ಯೂನ್ಯಾಪ್‌ನ ‘.@__ಥಂಬ್’, ಎಕ್ಸೆಲ್ ತೆರೆದಾಗ ಹುಟ್ಟುವ ‘~$’ ಫೈಲುಗಳು, ಇಷ್ಟು ಸಾಕು. ‘@ಇಎಡಿರ್’ ಸಾಲಿನ ಮುಂದೆ ಆವರಣ ಚಿಹ್ನೆಯೊಳಗೆ ಪ್ರಶ್ನೆಚಿಹ್ನೆ ಮತ್ತು ಸಣ್ಣ ‘ಡಿ’ ಹಾಕಿ. ಇಲ್ಲದಿದ್ದರೆ ತೋಟದಲ್ಲಿ ಅಳಿಸಿದ ಫೋಲ್ಡರು ಹಾಸನದಲ್ಲಿ ಆ ಥಂಬ್‌ನೇಲ್ ಕಸ ಇಟ್ಟುಕೊಂಡು ಹೋಗದೆ ಕೂರುತ್ತದೆ.

ಫೋಲ್ಡರ್ ಬಹಳ ಇದ್ದರೆ ಪೈನಲ್ಲಿ ಫೈಲು ಬದಲಾದದ್ದನ್ನು ಗಮನಿಸುವ ಐನೋಟಿಫೈನ ಮಿತಿಯನ್ನು 204800ಕ್ಕೆ ಏರಿಸಿ.

ಉಳಿದ ಮೂರು

ಆರ್‌ಸಿಂಕ್ ಒಮ್ಮುಖಕ್ಕೆ ಚಿನ್ನ. ಎರಡೂ ದಿಕ್ಕಿಗೆ ಒಂದೊಂದು ಓಡಿಸಿ ‘ಸಿಂಕ್’ ಎನ್ನುವುದು ಮಾತ್ರ ಬೇಡ: ಡಿಲೀಟ್ ಹಾಕದಿದ್ದರೆ ಅಳಿಸಿದ ಫೈಲು ಆಚೆ ಕಡೆಯಿಂದ ಮರಳಿ ಬರುತ್ತದೆ, ಹಾಕಿದರೆ ಆಚೆ ಹೊಸದಾಗಿ ಬರೆದದ್ದು ಹೋಗುತ್ತದೆ. ಹೆಸರು ಬದಲಿಸಿದ್ದೂ ಅದಕ್ಕೆ ತಿಳಿಯುವುದಿಲ್ಲ. 40 ಜಿಬಿ ಫೋಟೊ ಇರುವ ಫೋಲ್ಡರಿನ ಹೆಸರು ತಿದ್ದಿದರೆ ಅಷ್ಟೂ ಮತ್ತೆ ಸಾಗಬೇಕು, 10 ಎಂಬಿಪಿಎಸ್‌ನಲ್ಲಿ ಸುಮಾರು ಒಂಬತ್ತು ಗಂಟೆ. ಸಿಂಕ್‌ಥಿಂಗ್ ಅಲ್ಲೇ ಇರುವ ಬ್ಲಾಕ್‌ಗಳನ್ನೇ ಎತ್ತಿಕೊಂಡು ನಿಮಿಷದಲ್ಲಿ ಮುಗಿಸುತ್ತದೆ.

ರೆಸಿಲಿಯೊ ಹಾಕುವುದು ಎಲ್ಲಕ್ಕಿಂತ ಸುಲಭ, ಒಂದು ಕೀ ಅಂಟಿಸಿದರೆ ಆಯಿತು. ಬೇಡವೆನಿಸಿದ್ದು ಗಡಿಯಾರದ ಕಾರಣಕ್ಕೆ. ಇಬ್ಬರು ತಿದ್ದಿದರೆ ಹೊಸ ಸಮಯದ ಪ್ರತಿ ಗೆಲ್ಲುತ್ತದೆ, ಹಳೆಯದು ಸದ್ದಿಲ್ಲದೆ ಒಳಗಿನ ಆರ್ಕೈವ್‌ಗೆ ಹೋಗಿ 30 ದಿನ ಇರುತ್ತದೆ. ಪೈ 4ರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟು ಬಂದು ಇಂಟರ್ನೆಟ್ ಬರುವವರೆಗೆ ಅದು ಹಳೆಯ ಸಮಯವನ್ನೇ ಹಿಡಿದಿರುತ್ತದೆ. ಆ ಹೊತ್ತಿನಲ್ಲಿ ರೈಟರು ತುಂಬಿದ ಚೆಕ್‌ರೋಲ್‌ಗೆ ಹಳೆಯ ಸಮಯ ಬಿದ್ದರೆ ಹೊಸದೇ ಸೋಲಬಹುದು. ಸಿಂಕ್‌ಥಿಂಗ್‌ನಲ್ಲೂ ಹಳೆಯ ಸಮಯದ್ದೇ ಸೋಲುವುದು, ಆದರೆ ಸೋತ ಪ್ರತಿ ಅದೇ ಫೋಲ್ಡರಿನಲ್ಲಿ ಕಣ್ಣಿಗೆ ರಾಚುವಂತೆ ಕೂತಿರುತ್ತದೆ.

ಸಿನಾಲಜಿ ಡ್ರೈವ್ ಶೇರ್‌ಸಿಂಕ್‌ಗೆ ಎರಡೂ ಕಡೆ ಸಿನಾಲಜಿಯೇ ಬೇಕು. ಎರಡೂ ಕಡೆ ಅದೇ ಇದ್ದರೆ ಈ ಬರಹದ ಅರ್ಧ ಭಾಗ ನಿಮಗೆ ಬೇಕಿಲ್ಲ: ಡ್ರೈವ್ ಸರ್ವರ್ ಹಾಕಿ, ಟೀಮ್ ಫೋಲ್ಡರ್ ಆನ್ ಮಾಡಿ, 6690 ಪೋರ್ಟ್ ಟೇಲ್‌ಸ್ಕೇಲ್ ಮೂಲಕ ಸಿಗುವಂತೆ ನೋಡಿಕೊಳ್ಳಿ. ಹಳೆಯ ಪ್ರತಿಗಳನ್ನು 32ರವರೆಗೆ ಇಡುತ್ತದೆ, ಅದಕ್ಕೆ ತಕ್ಕಂತೆ ಡಿಸ್ಕನ್ನೂ ತಿನ್ನುತ್ತದೆ.

ಕೊನೆಗೆ ಉಳಿಸಿಕೊಂಡ ಜೋಡಣೆ ಇದು: ಹಾಸನ ಮತ್ತು ತೋಟದ ನಡುವೆ ಸಿಂಕ್‌ಥಿಂಗ್, ಹಾಸನದಿಂದ ಚಿಕ್ಕಮಗಳೂರಿನ ಕ್ಯೂನ್ಯಾಪ್‌ಗೆ ರಾತ್ರಿ ಟೇಲ್‌ಸ್ಕೇಲ್ ಮೂಲಕ ಆರ್‌ಸಿಂಕ್. ತೋಟದಲ್ಲಿ ಕೈತಪ್ಪಿ ಅಳಿಸಿದ್ದು ಎರಡು ನಿಮಿಷದಲ್ಲಿ ಹಾಸನದಲ್ಲೂ ಅಳಿಯುತ್ತದೆ, ಮೂರನೆಯದು ರಾತ್ರಿಯವರೆಗಾದರೂ ದೂರ ಇರಲಿ. ಆ ಆರ್‌ಸಿಂಕ್‌ಗೆ ಬ್ಯಾಕಪ್-ಡಿರ್ ಆಯ್ಕೆಯಲ್ಲಿ ದಿನಾಂಕದ ಫೋಲ್ಡರ್ ಕೊಟ್ಟಿದೆ, ಅಳಿದದ್ದೂ ಬದಲಾದದ್ದೂ ಅಲ್ಲಿ ಬೀಳುತ್ತದೆ. ಮ್ಯಾಕ್ಸ್-ಡಿಲೀಟ್ 200 ಎಂದಿದೆ, ಅದಕ್ಕಿಂತ ಹೆಚ್ಚು ಅಳಿಸಬೇಕಾಗಿ ಬಂದರೆ ಉಳಿದದ್ದನ್ನು ಅಳಿಸದೆ ಬಿಡುತ್ತದೆ. ಹೊಸ ಫೋಲ್ಡರ್ ಸೇರಿಸುವಾಗ ಮೊದಲು ಡ್ರೈ ರನ್ (ಏನನ್ನೂ ಬದಲಿಸದೆ ಏನಾಗುತ್ತದೆಂದು ತೋರಿಸುವ ಓಟ) ಮಾಡಿ. ಮೂಲದ ದಾರಿಯ ಕೊನೆಯ ಅಡ್ಡಗೆರೆ ಇದೆಯೋ ಇಲ್ಲವೋ ಎಂಬುದರ ಮೇಲೆ ಒಳಗಿನ ಫೈಲು ಹೋಗುವುದೋ ಫೋಲ್ಡರ್ ಸಮೇತ ಹೋಗುವುದೋ ನಿಂತಿದೆ.

ಸಾಫ್ಟ್‌ವೇರ್‌ಗೆ ಹಣ ಹಾಕಲಿಲ್ಲ. ಆ ದುಡ್ಡು ತೋಟದಲ್ಲಿ 600 ವಿಎ ಯುಪಿಎಸ್‌ಗೆ ಹೋಯಿತು. ಪೈ, ಡಿಸ್ಕ್ ಜತೆಗೆ ಫೈಬರ್ ಮೋಡೆಮ್ ಮತ್ತು ರೌಟರನ್ನೂ ಅದಕ್ಕೇ ಕೊಡಿ. ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಇದ್ದರೆ ಪೈಗೆ ಸಿಕ್ಕಿಸಿ, ಬ್ಯಾಟರಿ ಇಳಿದಾಗ ತಾನಾಗಿ ಶಟ್‌ಡೌನ್ ಆಗುವಂತೆ ಇಡಿ.

ಟ್ಯಾಲಿಯ ಡೇಟಾ ಫೋಲ್ಡರನ್ನು ಈ ನಾಲ್ಕರಲ್ಲಿ ಯಾವುದಕ್ಕೂ ನೇರ ಕೊಡಬೇಡಿ. ತೆರೆದಿರುವಾಗ ಅರ್ಧ ಬರೆದ ಫೈಲು ಆಚೆ ಹೋಗಿ ಕಂಪನಿ ಲೆಕ್ಕವೇ ತೆರೆಯದಂತಾಗುತ್ತದೆ. ಸಂಜೆ ಟ್ಯಾಲಿಯಲ್ಲೇ ಬ್ಯಾಕಪ್ ತೆಗೆದು, ಆ ಬ್ಯಾಕಪ್ ಫೋಲ್ಡರನ್ನು ಸಿಂಕ್‌ಗೆ ಹಾಕಿ.