ಕೊಡಗಿನ ದಾರಿಗೆ ಗ್ಯಾಸ್ ಶಾಕ್: ಸ್ವಿಫ್ಟ್ ಕಾರಿಗೆ ಮನೆಯಲ್ಲೇ ಅಳವಡಿಸಿದ ಸಸ್ಪೆನ್ಷನ್ ಕುರಿತು

ಎರಡನೇ ತಲೆಮಾರಿನ ಮಾರುತಿ ಸ್ವಿಫ್ಟ್ ಕಾರಿನ ಮೂಲ ಸ್ಪ್ರಿಂಗ್‌ಗಳನ್ನು ಹಾಗೆಯೇ ಉಳಿಸಿ, ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳನ್ನು ಮಾತ್ರ ಗ್ಯಾಸ್ ತುಂಬಿದ ಬಗೆಗೆ ಬದಲಾಯಿಸಿ, ಒಂದು ಇಡೀ ಮಳೆಗಾಲ ಓಡಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಕೊಡಗಿನ ದಾರಿಗಳಲ್ಲಿ ದಿನವೂ ಓಡಾಡುವ ಸಣ್ಣ ಕಾರಿಗೆ, ಒಳ್ಳೆಯ ಟೈರುಗಳನ್ನು ಬಿಟ್ಟರೆ, ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ. ಆದರೆ ಕಾರು ಎತ್ತರವಾಗಬೇಕು ಎಂಬ ಆಸೆಯಿಂದ ಕೊಳ್ಳುವವರಿಗೆ ಇದರಿಂದ ಪ್ರಯೋಜನವಿಲ್ಲ. ಇದೇ ಬಗೆಯ ಶಾಕ್‌ಗಳನ್ನು ಹಲವು ತಯಾರಕರು ಮಾಡುತ್ತಾರೆ. ಇಲ್ಲಿ ಬರೆದಿರುವುದು ಆ ಬಗೆಯ ಕುರಿತು ಮತ್ತು ಅದನ್ನು ಮನೆಯಲ್ಲಿ ಅಳವಡಿಸುವ ಕೆಲಸದ ಕುರಿತು, ಯಾವುದೋ ಒಂದು ಬ್ರಾಂಡಿನ ಕುರಿತಲ್ಲ.

ನಮ್ಮ ಮನೆ ನಾಪೋಕ್ಲು ಕಡೆ. ಮುಖ್ಯ ರಸ್ತೆಯಿಂದ ತೋಟದೊಳಕ್ಕೆ ಇಳಿಯುವ ದಾರಿ ಕಲ್ಲು ಹಾಸಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಆ ಕಲ್ಲುಗಳ ನಡುವಿನ ಮಣ್ಣು ಕೊಚ್ಚಿಹೋಗಿ ಚಕ್ರಕ್ಕೆ ಒಂದೊಂದು ಅಡಿಗೂ ಒಂದು ಏಟು ಬೀಳುತ್ತದೆ. ಡಾಂಬರು ರಸ್ತೆಯಲ್ಲಿ ಸಮಸ್ಯೆ ಬೇರೆ: ಅಂಚು ಒಡೆದಿರುತ್ತದೆ, ಗುಂಡಿಯಲ್ಲಿ ನೀರು ನಿಂತು ಆಳ ತಿಳಿಯುವುದಿಲ್ಲ, ಮತ್ತು ಬಹುಪಾಲು ಗುಂಡಿಗಳು ತಿರುವಿನಲ್ಲೇ ಇರುತ್ತವೆ. ಮಡಿಕೇರಿಯಿಂದ ಮದೆನಾಡು, ಜೋಡುಪಾಲ ದಾಟಿ ಸಂಪಾಜೆಗೆ ಇಳಿಯುವ ಘಾಟಿಯಲ್ಲಾಗಲಿ, ವಿರಾಜಪೇಟೆಯಿಂದ ಮಾಕುಟ್ಟದ ಕಾಡಿನ ಮೂಲಕ ಇರಿಟ್ಟಿ ಕಡೆಗೆ ಹೋಗುವ ದಾರಿಯಲ್ಲಾಗಲಿ, ಸವೆದ ಶಾಕ್ ಇರುವ ಕಾರು ತಿರುವಿನ ಮಧ್ಯದಲ್ಲಿ ಗುಂಡಿಗೆ ಬಿದ್ದರೆ ಹಿಂಬದಿ ಚಕ್ರ ಕ್ಷಣಕಾಲ ನೆಲದ ಹಿಡಿತ ಬಿಟ್ಟು ಪಕ್ಕಕ್ಕೆ ಜಿಗಿಯುತ್ತದೆ. ಒದ್ದೆ ರಸ್ತೆಯಲ್ಲಿ, ಎದುರಿನಿಂದ ಲಾರಿ ಬರುತ್ತಿರುವಾಗ, ಅದು ಅಪಾಯದ ಸಂಗತಿ. ಶಾಕ್ ಬದಲಾಯಿಸುವುದನ್ನು ಆರಾಮದ ವಿಷಯವೆಂದು ತಿಳಿಯುವವರು ಹೆಚ್ಚು. ನಾನು ಅದನ್ನು ಬ್ರೇಕ್‌ನ ಸಾಲಿನಲ್ಲಿ ಇಡುತ್ತೇನೆ.

ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್. ಒಮ್ಮೆ ಕುಗ್ಗಿದ ಸ್ಪ್ರಿಂಗ್ ಮತ್ತೆ ಮತ್ತೆ ಹಿಗ್ಗಿ ಕುಗ್ಗದಂತೆ ಅದರ ಓಲಾಟವನ್ನು ತಡೆಯುವುದು ಶಾಕ್. ಅದರೊಳಗಿನ ಪಿಸ್ಟನ್ ಎಣ್ಣೆಯ ಮೂಲಕ ಸಾಗುವಾಗ, ಎಣ್ಣೆ ಸಣ್ಣ ರಂಧ್ರಗಳಲ್ಲಿ ನುಸುಳಬೇಕಾಗಿ ಬಂದು, ಚಲನೆಯ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ. ಬರೀ ಎಣ್ಣೆಯ ಶಾಕ್‌ನಲ್ಲಿ ಎಣ್ಣೆಯ ಮೇಲೆ ಸಾಮಾನ್ಯ ಗಾಳಿ ಇರುತ್ತದೆ. ಕಲ್ಲಿನ ದಾರಿಯಲ್ಲಿ ಬಿಡುವಿಲ್ಲದೆ ಏಟು ಬಿದ್ದಾಗ ಕಡೆದ ಮಜ್ಜಿಗೆಯಂತೆ ಎಣ್ಣೆಯಲ್ಲಿ ನೊರೆ ಏಳುತ್ತದೆ, ನೊರೆ ರಂಧ್ರದಲ್ಲಿ ಸುಲಭವಾಗಿ ನುಸುಳುತ್ತದೆ, ಶಾಕ್ ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ಗ್ಯಾಸ್ ಬಗೆಯಲ್ಲಿ ಆ ಜಾಗಕ್ಕೆ ಒತ್ತಡದ ನೈಟ್ರೋಜನ್ ತುಂಬಿರುತ್ತಾರೆ. ಆ ಒತ್ತಡ ನೊರೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ನಾನು ಹಾಕಿದ್ದು ಎರಡು ಕೊಳವೆಗಳ, ಕಡಿಮೆ ಒತ್ತಡದ ಸಾಧಾರಣ ಗ್ಯಾಸ್ ಶಾಕ್. ರೇಸಿಂಗ್‌ಗೆಂದು ಮಾರುವ ಗಟ್ಟಿ ಶಾಕ್‌ಗಳು ನಮ್ಮ ದಾರಿಗೆ ಹೇಳಿ ಮಾಡಿಸಿದ್ದಲ್ಲ.

ಹಳೆಯ ಶಾಕ್ ಮುಗಿದಿದೆಯೇ ಎಂದು ತಿಳಿಯಲು ಕಾರಿನ ಮೂಲೆಯನ್ನು ಒತ್ತಿ ಬಿಡುವ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ. ಅದು ತೀರಾ ಕೆಟ್ಟ ಶಾಕನ್ನು ಮಾತ್ರ ತೋರಿಸುತ್ತದೆ. ಶಾಕ್‌ನ ಮೈಮೇಲೆ ಎಣ್ಣೆ ಇಳಿದು ಕೆಸರು ಅಂಟಿಕೊಂಡಿರುವುದು, ಟೈರಿನ ಮೈ ಅಲ್ಲಲ್ಲಿ ತಗ್ಗಾಗಿ ಸವೆದಿರುವುದು, ಹಂಪ್ ದಾಟಿದ ಮೇಲೂ ಕಾರು ತೂಗಾಡುವುದು, ಇವು ಇನ್ನೂ ನಂಬಬಹುದಾದ ಗುರುತುಗಳು.

ಕೆಲಸ ಮಾಡಿದ್ದು ಕಾಫಿ ಕಣದಲ್ಲಿ. ಮಳೆಗೆ ಮುಂಚೆ, ಕೊಯ್ಲು ಮುಗಿದು ಕಣ ಖಾಲಿಯಾಗಿರುವಾಗ, ಸಿಮೆಂಟಿನ ನೆಲಕ್ಕಿಂತ ಒಳ್ಳೆಯ ಜಾಗ ತೋಟದ ಮನೆಯಲ್ಲಿ ಸಿಗುವುದಿಲ್ಲ. ನೀರು ಹರಿದುಹೋಗಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ, ಆದ್ದರಿಂದ ಸಮತಟ್ಟಾದ ತುದಿಯನ್ನು ಆರಿಸಿ, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಬೇಕು. ಕಾರಿನ ಜೊತೆ ಬರುವ ಜ್ಯಾಕ್ ಸ್ಟೆಪ್ನಿ ಹಾಕುವುದಕ್ಕೆ ಮಾತ್ರ. ಕಾರಿನ ಭಾರ ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಕೂರದೆ ಯಾರೂ ಕೆಳಗೆ ಕೈ ಹಾಕಬಾರದು. ಮಣ್ಣಿನ ಅಂಗಳದಲ್ಲಿ, ಇಟ್ಟಿಗೆ ಅಥವಾ ಹಾಲೋ ಬ್ಲಾಕ್ ಜೋಡಿಸಿ ಈ ಕೆಲಸ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಹಿಂಬದಿಯ ಕೆಲಸ ಸುಲಭ. ಸ್ವಿಫ್ಟ್‌ನಲ್ಲಿ ಹಿಂದಿನ ಸ್ಪ್ರಿಂಗ್ ಮತ್ತು ಶಾಕ್ ಬೇರೆ ಬೇರೆಯಾಗಿ ಕೂತಿರುವುದರಿಂದ ಸ್ಪ್ರಿಂಗನ್ನು ಮುಟ್ಟದೆಯೇ ಶಾಕ್ ತೆಗೆಯಬಹುದು. ಶಾಕ್ ಬಿಚ್ಚಿದೊಡನೆ ಆಕ್ಸಲ್ ಕೆಳಗೆ ಜಾರದಂತೆ ಅದಕ್ಕೊಂದು ಜ್ಯಾಕ್ ಆಧಾರ ಕೊಟ್ಟು, ಒಂದು ಬದಿ ಮುಗಿಸಿಯೇ ಇನ್ನೊಂದಕ್ಕೆ ಹೋಗಬೇಕು. ನಮ್ಮ ಕಡೆಯ ತೇವಕ್ಕೆ ಕೆಳಗಿನ ಬೋಲ್ಟ್ ತುಕ್ಕು ಹಿಡಿದು, ಅದರ ಸುತ್ತಲಿನ ರಬ್ಬರ್-ಲೋಹದ ಕೊಳವೆಯಾದ ಬುಷ್‌ಗೇ ಅಂಟಿಕೊಂಡಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಟ್ಟು, ಉದ್ದ ಹಿಡಿಯ ಪಾನಾ ಬಳಸಿದರೆ ಬರುತ್ತದೆ. ರಬ್ಬರ್ ಬುಷ್ ಇರುವ ಆ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿಯಬಾರದು. ಆಕ್ಸಲನ್ನು ಕಾರು ನೆಲದಲ್ಲಿ ನಿಲ್ಲುವ ಮಟ್ಟಕ್ಕೆ ಎತ್ತಿ ಬಿಗಿದರೆ ಮಾತ್ರ ಬುಷ್ ತಿರುಚಿಕೊಳ್ಳದೆ ಬಹುಕಾಲ ಬಾಳುತ್ತದೆ.

ಮುಂಭಾಗದ ಮಾತು ಬೇರೆ. ಅಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಒಂದರೊಳಗೊಂದು ಕೂತ ಸ್ಟ್ರಟ್ ಇದೆ, ಮೇಲಿನ ನಟ್ ಸಡಿಲವಾದರೆ ನೂರಾರು ಕಿಲೋ ಬಲದಲ್ಲಿ ಅದುಮಿಕೊಂಡಿರುವ ಸ್ಪ್ರಿಂಗ್ ಒಮ್ಮೆಲೇ ಚಿಮ್ಮುತ್ತದೆ. ಸ್ಟ್ರಟ್ಟನ್ನು ಕಾರಿನಿಂದ ಇಳಿಸುವವರೆಗೆ ಮನೆಯಲ್ಲಿ ಮಾಡಬಹುದು: ಕೆಳಗಿನ ಎರಡು ಬೋಲ್ಟ್‌ಗಳ ಸ್ಥಾನವನ್ನು ಬಣ್ಣದಿಂದ ಗುರುತು ಮಾಡಿಕೊಂಡು, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರನ್ನು ಸ್ಟ್ರಟ್‌ನಿಂದ ಬಿಡಿಸಿ, ಚಕ್ರ ಕೂರುವ ಹಬ್‌ನ ಭಾರ ಹೋಸ್ ಮೇಲೆ ಬೀಳದಂತೆ ತಂತಿಯಲ್ಲಿ ಕಟ್ಟಿಟ್ಟರೆ ಸಾಕು. ಆದರೆ ಸ್ಪ್ರಿಂಗ್ ಬಿಚ್ಚಲು ಎರಡು ಸ್ಟ್ರಟ್‌ಗಳನ್ನೂ ಗೋಣಿಯಲ್ಲಿ ಸುತ್ತಿ ಮಡಿಕೇರಿಯ ಗ್ಯಾರೇಜಿಗೆ ಕೊಂಡೊಯ್ದೆ. ಅಲ್ಲಿ ಸ್ಪ್ರಿಂಗನ್ನು ಅದುಮಿ ಹಿಡಿಯುವ, ಗೋಡೆಗೆ ಬಿಗಿದ ಕಂಪ್ರೆಸರ್ ಇದೆ. ಕೆಲಸ ತಿಳಿದ ಮೆಕ್ಯಾನಿಕ್ ಅದನ್ನು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಸುತ್ತಾರೆ. ಅಗ್ಗದ ಕೊಂಡಿ ಕಂಪ್ರೆಸರ್ ಕೊಂಡು ಮನೆಯಲ್ಲೇ ಇದನ್ನು ಮಾಡಿ ಉಳಿಸುವ ಹಣ ತೀರಾ ಚಿಕ್ಕದು.

ಹೊಸ ಶಾಕ್ ಪಟ್ಟಿ ಕಟ್ಟಿ ಕುಗ್ಗಿಸಿದ ಸ್ಥಿತಿಯಲ್ಲಿ ಬರುತ್ತದೆ. ಮಲಗಿಸಿಟ್ಟಿದ್ದಾಗ ಗ್ಯಾಸ್ ಒಳಗಿನ ಕೊಳವೆಗೆ ಸೇರಿರಬಹುದಾದ್ದರಿಂದ, ಹಾಕುವ ಮೊದಲು ನೆಟ್ಟಗೆ ನಿಲ್ಲಿಸಿ ಕೆಲವು ಸಲ ಪೂರ್ತಿ ಒತ್ತಿ ಬಿಡಬೇಕು. ರಾಡ್‌ನ ನುಣುಪು ಮೈಯನ್ನು ಇಕ್ಕಳದಿಂದ ಹಿಡಿಯಲೇಬಾರದು; ಅಲ್ಲಿ ಒಂದು ಗೀರು ಬಿದ್ದರೂ ಅದು ಸೀಲನ್ನು ಹರಿದು ಎಣ್ಣೆ ಸೋರಲು ಶುರುವಾಗುತ್ತದೆ. ನನ್ನ ದೂರು ಇರುವುದು ಪೆಟ್ಟಿಗೆಯೊಳಗೆ ಏನಿಲ್ಲ ಎಂಬುದರ ಬಗ್ಗೆ. ಶಾಕ್ ಪೂರ್ತಿ ಕುಗ್ಗಿದಾಗ ಏಟು ತಡೆಯುವ ಬಂಪ್ ಸ್ಟಾಪ್, ಧೂಳಿನ ಕವಚ, ಸ್ಟ್ರಟ್ಟನ್ನು ಕಾರಿನ ಮೈಗೆ ಕೂರಿಸುವ ಮೇಲಿನ ಮೌಂಟ್, ಬೇರಿಂಗ್ ಯಾವುದೂ ಅದರಲ್ಲಿರಲಿಲ್ಲ. ಇವನ್ನೆಲ್ಲ ಬೇರೆಯಾಗಿ ಕೊಳ್ಳಬೇಕಾಯಿತು, ಮತ್ತು ಕೊಳ್ಳದೆ ಬಿಡುವಂತೆಯೂ ಇಲ್ಲ: ಕವಚ ಹರಿದಿದ್ದರೆ ಕೆಸರು ರಾಡ್‌ಗೆ ಅಂಟಿ ಒಂದೇ ಮಳೆಗಾಲದಲ್ಲಿ ಹೊಸ ಸೀಲ್ ಹಾಳಾಗುತ್ತದೆ. ಬೆಲೆ ಹೋಲಿಸುವವರು ಈ ಬಿಡಿಭಾಗಗಳನ್ನೂ ಸೇರಿಸಿ ಲೆಕ್ಕ ಹಾಕುವುದು ಒಳ್ಳೆಯದು.

ಇನ್ನು ಓಡಾಟದ ಅನುಭವ. ನಿಧಾನವಾಗಿ ಸಣ್ಣ ಉಬ್ಬುತಗ್ಗುಗಳ ಮೇಲೆ ಹೋಗುವಾಗ ಕಾರು ಮೊದಲಿಗಿಂತ ತುಸು ಗಟ್ಟಿ ಅನಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹಿಂದಿನ ಸೀಟಿನಲ್ಲಿ ಕೂರುವ ಅಮ್ಮನಿಗೆ ಮೊದಲ ವಾರ ಇಷ್ಟವಾಗಲಿಲ್ಲ. ವೇಗ ಸ್ವಲ್ಪ ಏರಿದೊಡನೆ ಲಾಭ ಕಾಣುತ್ತದೆ. ಗುಂಡಿಗೆ ಬಿದ್ದ ಚಕ್ರ ಒಂದೇ ಸಲಕ್ಕೆ ನೆಲೆಗೊಳ್ಳುತ್ತದೆ, ಬ್ರೇಕ್ ಹಾಕಿದಾಗ ಮೂತಿ ಹೆಚ್ಚು ತಗ್ಗುವುದಿಲ್ಲ, ಘಾಟಿಯ ತಿರುವುಗಳಲ್ಲಿ ಬದಿಯಿಂದ ಬದಿಗೆ ವಾಲುವುದು ಮಿತಿಯಲ್ಲಿದೆ. ಕಾರಿನಲ್ಲಿ ಕೂತರೆ ತಲೆಸುತ್ತುವ ಮಕ್ಕಳಿಗೆ ಸಂಪಾಜೆ ಘಾಟಿಯಲ್ಲಿ ಈಗ ಅಷ್ಟು ತೊಂದರೆಯಿಲ್ಲ. ತೋಟದ ಕಲ್ಲಿನ ದಾರಿಯ ಕೊನೆಯವರೆಗೂ ಶಾಕ್ ಆರಂಭದಲ್ಲಿದ್ದಷ್ಟೇ ಬಿಗಿಯಾಗಿ ಕೆಲಸ ಮಾಡುತ್ತದೆ ಎಂಬುದೇ ನನಗೆ ದೊಡ್ಡ ವಿಷಯ.

ಬದಲಾಗದಿರುವುದು ಎತ್ತರ. ಈ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ಐದು ಜನ ಕೂತು, ಡಿಕ್ಕಿಯಲ್ಲಿ 50 ಕಿಲೋದ ಕಾಫಿ ಚೀಲವೊಂದನ್ನು ಇಟ್ಟರೆ ಕಾರು ಮೊದಲಿನಷ್ಟೇ ಕೂರುತ್ತದೆ, ಏಕೆಂದರೆ ಭಾರ ಹೊರುವ ಸ್ಪ್ರಿಂಗ್ ಬದಲಾಗಿಲ್ಲ. ಇದಕ್ಕೆ ಪರಿಹಾರವೆಂದು ಸ್ಪ್ರಿಂಗ್ ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್‌ಗಳನ್ನು ಎಲ್ಲೆಡೆ ಮಾರುತ್ತಾರೆ. ಅವು ಒಂದೆರಡು ಸುರುಳಿಗಳ ಚಲನೆಯನ್ನೇ ತಡೆದು ಸ್ಪ್ರಿಂಗನ್ನು ಗಟ್ಟಿ ಮಾಡುತ್ತವೆ. ಉಳಿದ ಸುರುಳಿಗಳ ಮೇಲೆ ಹೊರೆ ಹೆಚ್ಚುತ್ತದೆ, ಖಾಲಿ ಕಾರು ಕುಣಿಯುತ್ತದೆ. ನಮ್ಮ ಬಾವ ತಮ್ಮ ಕಾರಿಗೆ ಹಾಕಿಸಿ, ಮಳೆಯಲ್ಲಿ ಹಿಂಬದಿ ಜಾರುವುದನ್ನು ಕಂಡು ತೆಗೆಸಿದರು. ಉದ್ದ ಸ್ಪ್ರಿಂಗ್ ಅಥವಾ ಸ್ಪೇಸರ್ ಹಾಕಿ ಎತ್ತರಿಸುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಓದಿಕೊಳ್ಳಬೇಕು: ತಯಾರಕರು ನಿಗದಿಪಡಿಸಿದ್ದಕ್ಕೆ ಹೊರತಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ ಅದರಲ್ಲಿ ನಿರ್ಬಂಧವಿದೆ, ಅಪಘಾತವಾದರೆ ವಿಮೆಯ ವಿಷಯದಲ್ಲೂ ತಕರಾರು ಬರಬಹುದು. ಮೂಲ ಅಳತೆಯದೇ ಶಾಕ್ ಹಾಕುವುದನ್ನು ನಾನು ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಮುಂದಿನ ಸ್ಟ್ರಟ್ ಬಿಚ್ಚಿ ಹಾಕಿದ ಮೇಲೆ ವ್ಹೀಲ್ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸಲೇಬೇಕು, ಬಣ್ಣದ ಗುರುತು ಎಷ್ಟೇ ಸರಿಯಾಗಿದ್ದರೂ. ಕೆಲವು ದಿನ ಓಡಿಸಿದ ನಂತರ ಎಲ್ಲ ಬೋಲ್ಟ್‌ಗಳ ಬಿಗಿಯನ್ನು ಸರ್ವಿಸ್ ಮ್ಯಾನುಯಲ್‌ನಲ್ಲಿ ಹೇಳಿದ ಪ್ರಮಾಣಕ್ಕೆ ಟಾರ್ಕ್ ಪಾನಾದಿಂದ ಮತ್ತೊಮ್ಮೆ ನೋಡಬೇಕು. ಮಳೆ ನಿಂತ ಮೇಲೆ ನಾಲ್ಕೂ ಚಕ್ರ ತೆಗೆದು ಪರೀಕ್ಷಿಸಿದೆ: ನಾಲ್ಕು ಶಾಕ್‌ಗಳ ಮೈಯೂ ಒಣಗಿದೆ, ಕವಚಗಳು ಸರಿಯಾಗಿವೆ, ಟೈರುಗಳ ಸವೆತ ಸಮನಾಗಿದೆ. ಹಿಂಬದಿಯ ಕೆಳಗಿನ ಬೋಲ್ಟ್‌ಗಳಲ್ಲಿ ಆಗಲೇ ತುಕ್ಕಿನ ಬಣ್ಣ ಕಂಡದ್ದರಿಂದ ಗ್ರೀಸ್ ಸವರಿ ಹಾಕಿದ್ದೇನೆ.