ಅಡವಿಟ್ಟ ಮನೆಗೆ ತಡೆಯಾಜ್ಞೆ: ಕಲಬುರಗಿಯ ಒಂದು ವಕೀಲರ ಕಚೇರಿಯ ಸೇವೆ ಕುರಿತು

ಕಪನೂರು ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ದಾಲ್ ಮಿಲ್ ಇದೆ. ತೊಗರಿಗೆ ನೆಟೆ ರೋಗ ಬಿದ್ದು ಗಂಜಿಗೆ (ಧಾನ್ಯದ ಸಗಟು ಮಾರುಕಟ್ಟೆಗೆ) ಮಾಲು ಬರುವುದು ಕಡಿಮೆಯಾದ ಮೇಲೆ ನಮ್ಮ ಸಾಲದ ಕಂತುಗಳು ತಪ್ಪಿದವು. 90 ದಿನ ದಾಟಿದ್ದರಿಂದ ಬ್ಯಾಂಕು ಖಾತೆಯನ್ನು ಎನ್‌ಪಿಎ (ವಸೂಲಾಗದ ಸಾಲ) ಎಂದು ಗುರುತಿಸಿ, ನನ್ನ ತಾಯಿಯವರ ಹೆಸರಿನಲ್ಲಿರುವ, ಸಾಲಕ್ಕೆ ಅಡವಿಟ್ಟ ಮನೆಯ ಮೇಲೆ ಸರ್ಫೇಸಿ ಕಾಯ್ದೆಯಡಿ (ಅಡವಿಟ್ಟ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ಹೋಗದೆಯೇ ವಶಪಡಿಸಿಕೊಂಡು ಮಾರಲು ಅವಕಾಶ ಕೊಡುವ ಕಾಯ್ದೆ) 22 ಲಕ್ಷ ರೂಪಾಯಿಗೆ ನೋಟಿಸು ನೀಡಿತು. ಅದರ 60 ದಿನ ಮುಗಿದ ಬಳಿಕ ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಿ ಹೋದರು. ಆಗ ನಾವು ಹೋದದ್ದು ನಗರದ ಒಂದು ವಕೀಲರ ಕಚೇರಿಗೆ. ಇಂಥದೇ ನೋಟಿಸು ಹಿಡಿದು ಕುಳಿತಿರುವ ನಮ್ಮ ಭಾಗದವರಿಗೆ ನೆರವಾಗಲೆಂದು ಅಲ್ಲಿ ಸಿಕ್ಕ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ.

ವಕೀಲರು ನೋಟಿಸನ್ನು ಓದುವುದಕ್ಕೂ ಮೊದಲು ಕೇಳಿದ್ದು, "ಇದು ಬಾಗಿಲಿಗಿ ಹಚ್ಚಿದ್ದು ಯಾವ ತಾರೀಖಿಗ್ರಿ?" ಎಂದು. ಕಾಯ್ದೆಯ 17ನೇ ಕಲಮಿನಡಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಲು ಇರುವುದು 45 ದಿನ. ಅದರಲ್ಲಿ 19 ದಿನಗಳನ್ನು ನಾವು ಅವರಿವರ ಸಲಹೆ ಕೇಳುವುದರಲ್ಲಿಯೇ ಕಳೆದಿದ್ದೆವು. ಇಲ್ಲಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹಾಕಿ ತಡೆಯಾಜ್ಞೆ ತರಬಹುದೆಂದು ಗಂಜಿನ ಪರಿಚಿತರು ಹೇಳಿದ್ದರು. ಇಂಥ ವಿಷಯದಲ್ಲಿ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಡುವಂತಿಲ್ಲ ಎಂದು ವಕೀಲರು ಅದೇ ಕಾಯ್ದೆಯ 34ನೇ ಕಲಮನ್ನು ತೆಗೆದು ತೋರಿಸಿದರು. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ನಮ್ಮೂರಿನಲ್ಲೇ ಇರುವಾಗ ರಿಟ್ ಅರ್ಜಿ ಏಕೆ ಬೇಡವೆಂದು ನಾನು ಪಟ್ಟು ಹಿಡಿದೆ. ನ್ಯಾಯಮಂಡಳಿಯ ದಾರಿ ಇರುವಾಗ ಹೈಕೋರ್ಟುಗಳು ಸಾಮಾನ್ಯವಾಗಿ ಇಂಥ ರಿಟ್ ಅರ್ಜಿಗಳನ್ನು ಪುರಸ್ಕರಿಸಬಾರದೆಂದು 2010ರ ಸತ್ಯವತಿ ಟಂಡನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಎಂಬುದನ್ನು ಅವರು ತಾಳ್ಮೆಯಿಂದ ವಿವರಿಸಿದರು. ನಾನು ಕೇಳಿದಂತೆ ಅರ್ಜಿ ಬರೆದುಕೊಟ್ಟು ಶುಲ್ಕ ಪಡೆಯುವುದು ಅವರಿಗೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ ಎಂಬುದಕ್ಕಾಗಿಯೇ ಈ ಕಚೇರಿಯನ್ನು ನಾನು ಇತರರಿಗೆ ಹೇಳುತ್ತಿರುವುದು. ನ್ಯಾಯಮಂಡಳಿ ಇರುವುದು ಬೆಂಗಳೂರಿನಲ್ಲಿ. ಬೀದರ, ಯಾದಗಿರಿಯವರೂ ಅಲ್ಲಿಗೇ ಹೋಗಬೇಕು.

ಅರ್ಜಿ ತಯಾರಿಸಿದ ರೀತಿಯೂ ಅಚ್ಚುಕಟ್ಟಾಗಿತ್ತು. ಮೇಲ್ನೋಟಕ್ಕೆ ನಮ್ಮ ವಾದದಲ್ಲಿ ಹುರುಳಿದೆಯೇ, ತಡೆ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟವನ್ನು ಮುಂದೆ ತುಂಬಿಕೊಡಲು ಸಾಧ್ಯವೇ ಎಂಬುದನ್ನು ನ್ಯಾಯಪೀಠ ನೋಡುತ್ತದೆಯೇ ಹೊರತು ನಮ್ಮ ಕಷ್ಟದ ಕಥೆಯನ್ನಲ್ಲ ಎಂದು ಹೇಳಿ, ನಾನು ಬರೆದುಕೊಂಡು ಹೋಗಿದ್ದ ಆರು ಪುಟಗಳಲ್ಲಿ ಎರಡೇ ಅಂಶಗಳನ್ನು ಉಳಿಸಿಕೊಂಡರು. ಮೊದಲ ನೋಟಿಸಿಗೆ ನಾವು ಸಲ್ಲಿಸಿದ್ದ ಆಕ್ಷೇಪಣೆಗೆ ಬ್ಯಾಂಕು 15 ದಿನಗಳೊಳಗೆ ಉತ್ತರಿಸಬೇಕಿತ್ತು, ಉತ್ತರ ಬಂದಿರಲಿಲ್ಲ. ನಾವು ಕಟ್ಟಿದ್ದ ಎರಡು ಕಂತುಗಳನ್ನು ಬಾಕಿಯ ಲೆಕ್ಕದಲ್ಲಿ ಕಳೆದಿರಲಿಲ್ಲ. ಆಕ್ಷೇಪಣೆಯ ರಿಜಿಸ್ಟರ್ಡ್ ಅಂಚೆಯ ರಸೀದಿಯನ್ನು ತಾಯಿಯವರು ಜೋಪಾನವಾಗಿ ಇಟ್ಟಿದ್ದರಿಂದ ಮೊದಲ ಅಂಶ ನಿಂತಿತು. ಇಂಗ್ಲಿಷಿನಲ್ಲಿದ್ದ ಅಫಿಡವಿಟ್ಟಿನ ಒಂದೊಂದು ಪ್ಯಾರಾವನ್ನೂ ಕಿರಿಯ ವಕೀಲೆಯೊಬ್ಬರು ಕನ್ನಡದಲ್ಲಿ ಹೇಳಿ, ತಾಯಿಯವರು ಒಪ್ಪಿದ ಮೇಲೆಯೇ ಸಹಿ ಹಾಕಿಸಿದರು.

ಬರಿಗೈಯಲ್ಲಿ ಹೋದರೆ ಮಧ್ಯಂತರ ಆದೇಶ ಸಿಗುವುದು ಕಷ್ಟ, ಹಣ ಹೊಂದಿಸಿಕೊಳ್ಳಿ ಎಂದು ಮೊದಲ ದಿನವೇ ಎಚ್ಚರಿಸಿದ್ದರು. ಹಾಗೆಯೇ ಆಯಿತು: 5.5 ಲಕ್ಷ ರೂಪಾಯಿಯನ್ನು ಎರಡು ಕಂತುಗಳಲ್ಲಿ ಕಟ್ಟುವ ಷರತ್ತಿನ ಮೇಲೆ ಮುಂದಿನ ಕ್ರಮಕ್ಕೆ ತಡೆ ಸಿಕ್ಕಿತು. ದಾಸ್ತಾನಿನಲ್ಲಿದ್ದ ಬೇಳೆಯನ್ನು ಬಂದ ದರಕ್ಕೆ ಮಾರಿ ಮೊದಲ ಕಂತು ಕಟ್ಟಿದೆವು.

ಕೊರತೆಗಳನ್ನೂ ಹೇಳಲೇಬೇಕು. ಆದೇಶವಾದ ಐದು ದಿನಗಳ ನಂತರ, ಅದೂ ನಾನು ಮೂರು ಬಾರಿ ಫೋನ್ ಮಾಡಿದ ಮೇಲೆ, ಪ್ರತಿ ನನ್ನ ಕೈಸೇರಿತು. ಹಣ ಕಟ್ಟಲು ಕೊಟ್ಟಿದ್ದೇ 15 ದಿನ. ಗಡುವು ತಪ್ಪಿದರೆ ತಡೆ ತಾನಾಗಿಯೇ ತೆರವಾಗುತ್ತದೆ ಎಂದು ಅದೇ ಆದೇಶದಲ್ಲಿತ್ತು. ತಾರೀಖಿನ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿದ್ದ ಕಚೇರಿಯಿಂದ ಈ ವಿಳಂಬವನ್ನು ನಾನು ನಿರೀಕ್ಷಿಸಿರಲಿಲ್ಲ. ನ್ಯಾಯಮಂಡಳಿಯ ಶುಲ್ಕ 8,000 ರೂಪಾಯಿಗೆ ಮತ್ತು ಇಲ್ಲಿನ ವಕೀಲರ ಫೀಸಿಗೆ ರಸೀದಿ ಕೊಟ್ಟರು. ಬೆಂಗಳೂರಿನಲ್ಲಿ ವಾದಿಸಿದ ವಕೀಲರಿಗೆಂದು ಪಡೆದ ಹಣಕ್ಕೆ ಇಂದಿಗೂ ಕೊಟ್ಟಿಲ್ಲ.

ಮೂಲ ಅರ್ಜಿಯ ವಿಚಾರಣೆ ಇನ್ನೂ ಬಾಕಿಯಿದೆ. ಅದನ್ನೂ ಇದೇ ಕಚೇರಿಗೆ ಒಪ್ಪಿಸಿದ್ದೇನೆ. ಆದರೆ ಈ ಬಾರಿ ಬೆಂಗಳೂರಿನ ಖರ್ಚು ಎಷ್ಟು, ಆದೇಶದ ಪ್ರತಿ ಎಷ್ಟು ದಿನಗಳಲ್ಲಿ ಎಂಬ ಎರಡನ್ನೂ ಕಾಗದದ ಮೇಲೆ ಬರೆಸಿಕೊಂಡ ನಂತರವೇ ವಕಾಲತ್ತಿಗೆ ತಾಯಿಯವರ ಸಹಿ ಹಾಕಿಸಿದೆ.