ಬೈಲಕುಪ್ಪೆಯ ಕ್ಯಾಂಪಿನಲ್ಲಿ ಒಂದು ಮಧ್ಯಾಹ್ನದ ಊಟ

ಕೊಡಗಿಗೆ ಹೋಗುವವರು ಟಿಬೆಟಿಯನ್ ನಿರಾಶ್ರಿತರ ನೆಲೆಯಾದ ಬೈಲಕುಪ್ಪೆಯ ಚಿನ್ನದ ದೇವಸ್ಥಾನ ನೋಡಿ, ಫೋಟೊ ತೆಗೆಸಿಕೊಂಡು, ಎದುರಿನ ಅಂಗಡಿಸಾಲಿನಲ್ಲಿ ಒಂದು ಪ್ಲೇಟು ಮೊಮೊ ತಿಂದು ಮುಂದೆ ಸಾಗುವುದು ವಾಡಿಕೆ. ನಾನೂ ಹಲವು ಸಲ ಹಾಗೆಯೇ ಮಾಡಿದ್ದೇನೆ. ಈ ಬಾರಿ ಜೊತೆಗೆ ಅಮ್ಮ ಇದ್ದುದರಿಂದ ನೂಕುನುಗ್ಗಲು ತಪ್ಪಿಸಿಕೊಂಡು, ಒಳರಸ್ತೆಯಲ್ಲಿ ಆರೇ ಮೇಜುಗಳಿರುವ ಸಣ್ಣ ಹೋಟೆಲೊಂದಕ್ಕೆ ಹೋದೆವು. ಒಂದೆರಡು ದೂರುಗಳೂ ಇರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಮೆನು ಕಾರ್ಡಿನ ಮೊದಲ ಪುಟವಿಡೀ ಗೋಬಿ ಮಂಚೂರಿ ಮತ್ತು ಫ್ರೈಡ್ ರೈಸ್. ಟಿಬೆಟಿಯನ್ ಅಡುಗೆಗೆ ಸಿಕ್ಕಿದ್ದು ಹಿಂಬದಿಯ ಜಾಗ. ನನಗೆ ಸ್ವಲ್ಪ ಬೇಸರವಾಯಿತು. ಮೈಸೂರಿನ ದರ್ಶಿನಿಯಲ್ಲಿ ಇಡ್ಲಿಯ ಪಕ್ಕದಲ್ಲೇ ನೂಡಲ್ಸ್ ಮಾರಿದರೆ ತಕರಾರೆತ್ತದ ನಾನು, ಇವರು ಮಾತ್ರ ತಮ್ಮ ಸಂಸ್ಕೃತಿಯನ್ನು ನನ್ನ ಸಲುವಾಗಿ ಕಲಬೆರಕೆಯಿಲ್ಲದೆ ಕಾಯ್ದಿಟ್ಟಿರಬೇಕೆಂದು ಬಯಸುತ್ತಿದ್ದೆ ಎಂಬುದು ಹೊಳೆದದ್ದು ಆಮೇಲೆ.

ಬಡಿಸುವ ಹುಡುಗಿ ಬಂದು ಥುಕ್ಪಾ ಇದೆ ಎಂದಾಗ ಅಮ್ಮ, “ತುಪ್ಪ ಬೇಡಮ್ಮ, ಊಟಕ್ಕೇನಿದೆ ಹೇಳು” ಎಂದರು. ಆಕೆ ನಗುತ್ತಾ, “ತುಪ್ಪ ಅಲ್ಲ ಅಜ್ಜಿ, ಶ್ಯಾವಿಗೆ ಹಾಕಿದ ಸಾರು ಅನ್ಕಳಿ” ಎಂದು ಪಿರಿಯಾಪಟ್ಟಣ ಸೀಮೆಯ ಕನ್ನಡದಲ್ಲೇ ತಿಳಿಸಿದಳು. ಮಾಂಸದ ಮೊಮೊಗೂ ತರಕಾರಿಯ ಮೊಮೊಗೂ ಹಬೆ ಪಾತ್ರೆ ಒಂದೇ ಎಂಬುದನ್ನು ನಾವು ಕೇಳಿದೊಡನೆ ಮುಚ್ಚುಮರೆಯಿಲ್ಲದೆ ಹೇಳಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಅಮ್ಮ ಮೊಮೊ ಬಿಟ್ಟು, ಬೇರೆ ಬಾಣಲೆಯಲ್ಲಿ ನೀರಿನಲ್ಲೇ ಕುದಿಸಿದ ತರಕಾರಿ ಥುಕ್ಪಾ ತೆಗೆದುಕೊಂಡರು. ನಾನು ಹೇಳಿದ್ದು ಥೆಂಥುಕ್. ನಾದಿದ ಹಿಟ್ಟನ್ನು ಕೈಯಲ್ಲೇ ಎಳೆದು, ಚೂರುಚೂರಾಗಿ ಹರಿದು ಕುದಿಯುವ ಸಾರಿಗೆ ಹಾಕುವ ಅಡುಗೆ ಇದು. ಪ್ರತಿ ಚೂರಿನ ಅಂಚು ತೆಳ್ಳಗೆ, ನಡು ದಪ್ಪ. ದಪ್ಪಭಾಗ ಹಲ್ಲಿಗೆ ಹದವಾಗಿ ಸಿಗುತ್ತಿತ್ತು. ಶುಂಠಿ, ಬೆಳ್ಳುಳ್ಳಿಯ ಘಮ ಚೆನ್ನಾಗಿತ್ತು. ಆದರೆ ಇದಕ್ಕಾಗಿ ನಲವತ್ತು ನಿಮಿಷ ಕಾಯಬೇಕಾಯಿತು, ಲಾಫಿಂಗ್ ಎಂಬ ತಣ್ಣನೆಯ ಖಾರದ ತಿನಿಸು ಮುಗಿದುಹೋಗಿತ್ತು, ಕೈ ತೊಳೆಯುವ ನಲ್ಲಿಯಲ್ಲಿ ನೀರೂ ಬರುತ್ತಿರಲಿಲ್ಲ.

ಉಪ್ಪು, ಬೆಣ್ಣೆ ಹಾಕಿ ಕಡೆದ ಚಹಾ ನಮ್ಮಿಬ್ಬರಿಗೂ ಗಂಟಲಲ್ಲಿ ಇಳಿಯಲಿಲ್ಲ. ಪಕ್ಕದ ಮೇಜಿನ ವೃದ್ಧರೊಬ್ಬರು ಜಪಮಾಲೆಯನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಬಟ್ಟಲನ್ನು ಎರಡೂ ಕೈಗಳಲ್ಲಿ ಹಿಡಿದು, ಅದನ್ನೇ ಮೂರು ಸಲ ತುಂಬಿಸಿಕೊಂಡು ಕುಡಿದರು. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದ ನಂತರ, 1960–61ರ ಹೊತ್ತಿಗೆ ಅಂದಿನ ಮೈಸೂರು ರಾಜ್ಯ ಕೊಟ್ಟ ಕಾಡುನೆಲವನ್ನು ಕಡಿದು ಹಸನು ಮಾಡಿ, ಮುಸುಕಿನ ಜೋಳ ಬೆಳೆದ ತಲೆಮಾರಿನವರಿರಬಹುದು ಎಂದುಕೊಂಡೆ. ಇಲ್ಲೇ ಹುಟ್ಟಿದ ಹುಡುಗಿಗೆ ಈ ಚಹಾ ಇಷ್ಟವೇ ಎಂದು ಕೇಳಿದರೆ, “ಅಯ್ಯೋ, ನಾನು ಕಾಫಿನೇ ಕುಡಿಯೋದು, ಇದು ಲೋಸಾರ್ ಹಬ್ಬದ ದಿನ ಅಜ್ಜಿ ಬಲವಂತಕ್ಕೆ” ಎಂದಳು. ಲೋಸಾರ್ ಎಂದರೆ ಅವರ ಹೊಸ ವರ್ಷ. ನಮ್ಮ ಮನೆಯ ಮಕ್ಕಳು ಯುಗಾದಿಯ ಬೇವನ್ನು ನುಂಗುವುದೂ ಹೀಗೆಯೇ ಅಲ್ಲವೇ!

ಇನ್ನೊಂದು ಮೇಜಿನಲ್ಲಿ ಹೆಗಲ ಮೇಲೆ ಟವಲು ಹಾಕಿದ್ದ, ಸುತ್ತಲಿನ ಹಳ್ಳಿಯವರೆಂದು ತೋರುವ ರೈತರೊಬ್ಬರು ಮೆನು ನೋಡದೆ “ಎರಡು ತಿಂಗ್ಮೋ, ಖಾರ ಜಾಸ್ತಿ” ಎಂದು ಹಬೆಯಲ್ಲಿ ಬೇಯಿಸಿದ ಬನ್ನುಗಳನ್ನು ಹೇಳಿ ಮೊಬೈಲಿನಲ್ಲಿ ಶುಂಠಿಯ ದರ ವಿಚಾರಿಸುತ್ತಿದ್ದರು. ನಾನು ಸಾಂಸ್ಕೃತಿಕ ವೈವಿಧ್ಯವೆಂದು ಕಣ್ಣರಳಿಸಿ ನೋಡುತ್ತಿದ್ದದ್ದು ಅವರಿಗೆ ದಿನನಿತ್ಯದ ಮಧ್ಯಾಹ್ನದ ಊಟ.

ಇಬ್ಬರಿಗೂ ಸೇರಿ 360 ರೂಪಾಯಿ ಆಯಿತು. ಹಸಿದುಕೊಂಡು ಹೋಗುವವರಿಗೆ ಈ ಹೋಟೆಲು ಸಲ್ಲದು. ಸಮಯವಿದ್ದವರು ಥೆಂಥುಕ್‌ಗಾಗಿ ಖಂಡಿತ ಹೋಗಬಹುದು. ಪದರ ಪದರವಾಗಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಿಂಗ್ಮೋವನ್ನು ಅಮ್ಮ ಪಾರ್ಸೆಲ್ ಮಾಡಿಸಿದರು. ರಾತ್ರಿ ಮನೆಯಲ್ಲಿ ಅದನ್ನು ಹುಚ್ಚೆಳ್ಳು ಚಟ್ನಿಪುಡಿಯೊಂದಿಗೆ ತಿಂದು, ಕಡುಬಿಗಿಂತ ಮೆತ್ತಗಿದೆ, ಉಪ್ಪು ಮಾತ್ರ ಒಂದು ಚೂರು ಕಡಿಮೆ ಎಂದರು.